ನ್ಯೂಜೆರ್ಸಿ ಕುದುರೆ ತಲೆ ಕಾಸಿನ ಕೆಳಗೆ ಇನ್ನೊಂದು ಕಾಸು ಕಾಣ್ತಿದೆ, ಏನಿದು? ಅಮೆರಿಕದ ಹಳೇ ಸ್ಟೇಟ್ ಕಾಪರ್ಸ್ (ಒಂದೊಂದು ರಾಜ್ಯ ಹೊಡೆಸಿದ ತಾಮ್ರದ ಕಾಸು) ಬಗ್ಗೆ ಗೊತ್ತಿರೋರು ಬನ್ನಿ

ಎಡಿಸನ್_ಗೌಡ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೈಸೂರು ಕಾಸು, ಟಿಪ್ಪು ಆನೆ ಪೈಸಾ ಅಷ್ಟೇ ಇಟ್ಕೊಂಡಿದ್ದೋನು ನಾನು, ನ್ಯೂಜೆರ್ಸಿಗೆ ಬಂದ್ಮೇಲೆ ಇಲ್ಲಿಂದೂ ಒಂದೆರಡು ಇರ್ಲಿ ಅಂತ ಆಸೆ ಆಯ್ತು. ಹೋದ ಭಾನುವಾರ ಮನೆ ಹತ್ರ ಒಂದು ಕಾಯಿನ್ ಶೋ ಇತ್ತು, ಒಬ್ಬರ ಟೇಬಲ್ ಮೇಲೆ ಹಳೇ ತಾಮ್ರದ ಡಬ್ಬಿ ಕೆದಕ್ತಾ ಇದ್ದಾಗ ಇದು ಸಿಕ್ತು. ಒಂದು ಕಡೆ ಕುದುರೆ ತಲೆ, ಅದರ ಕೆಳಗೆ ನೇಗಿಲು, ಸುತ್ತ "ನೋವಾ ಸೀಸರಿಯಾ" (ಲ್ಯಾಟಿನ್‌ನಲ್ಲಿ ನ್ಯೂಜೆರ್ಸಿ) ಅಂತಿದೆ, ಅಡಿಲಿ 1787. ಇನ್ನೊಂದು ಕಡೆ ಗೆರೆ ಗೆರೆ ಗುರಾಣಿ, ಸುತ್ತ "ಇ ಪ್ಲುರಿಬಸ್ ಉನಮ್", ಹಲವರಿಂದ ಒಂದು ಅಂತ. ಇಲ್ಲಿವರ್ಗೂ ಸರಿ. ಆದ್ರೆ ಗುರಾಣಿ ಪಕ್ಕದಲ್ಲಿ ಖಾಲಿ ಇರ್ಬೇಕಾದ ಕಡೆ ಬೇರೆ ಏನೋ ಅಕ್ಷರ ಮಸುಕಾಗಿ ಕಾಣತ್ತೆ, ಅದೂ ಓರೆಯಾಗಿ. ಕುದುರೆ ಮೂತಿನೂ ಯಾಕೋ ಕುದುರೆ ತರ ಇಲ್ಲ. ತೂಕ 8.3 ಗ್ರಾಂ. ಮಾರಿದೋರು "ಡಬಲ್ ಸ್ಟ್ರಕ್" ಅಂತ ಹೇಳಿ 140 ಡಾಲರ್ ತಗೊಂಡ್ರು. ಫೋಟೋ ಹಾಕಿದೀನಿ. ಮೋಸ ಹೋದ್ನಾ ಇಲ್ಲ ಪರ್ವಾಗಿಲ್ವಾ ಹೇಳಿ.

ಬನಶಂಕರಿ_ಬಾಯ್
ಗುರು ಮೊದ್ಲು ಹುಣಸೆಹಣ್ಣು ಹಚ್ಚಿ ಒಂದ್ಸಲ ತಿಕ್ಕು, ಅಕ್ಷರ ಎಲ್ಲ ಫಳಫಳ ಅಂತ ಎದ್ದು ಬರತ್ತೆ. ನಮ್ಮಮ್ಮ ತಾಮ್ರದ ಚೊಂಬಿಗೆ ಅದೇ ಮಾಡೋದು

ಹಳೇಪೈಸಾ
ಗೌಡ್ರೇ, ಮೇಲಿನ ಕಾಮೆಂಟ್ ಓದಿ ನನ್ ಎದೆ ಒಂದು ಕ್ಷಣ ನಿಂತೋಯ್ತು. ಹುಣಸೆಹಣ್ಣು, ನಿಂಬೆಹಣ್ಣು, ಬ್ರಾಸೋ, ಟೂತ್‌ಪೇಸ್ಟ್ ಯಾವುದೂ ಹತ್ರಾನೂ ಬರ್ಬಾರ್ದು. 230 ವರ್ಷದಿಂದ ಕೂತಿರೋ ಕಂದು ಬಣ್ಣ ಒಂದ್ಸಲ ಹೋದ್ರೆ ವಾಪಸ್ ಬರಲ್ಲ, ಆಮೇಲೆ ಅದು ಹೊಳೆಯೋ ತಗಡು ಅಷ್ಟೆ, ಅರ್ಧ ಬೆಲೆಗೂ ಯಾರೂ ಮುಟ್ಟಲ್ಲ. ಜಿಡ್ಡು ಇದ್ರೆ ಶುದ್ಧ ಅಸಿಟೋನ್‌ನಲ್ಲಿ ಮುಳುಗಿಸಿ ತೆಗೀರಿ, ಉಜ್ಜಬೇಡಿ, ಅಸಿಟೋನ್ ತಾಮ್ರಕ್ಕೆ ಏನೂ ಮಾಡಲ್ಲ. ನೇಲ್ ಪಾಲಿಶ್ ರಿಮೂವರ್ ಬೇರೆ, ಅದ್ರಲ್ಲಿ ಸೆಂಟು ಬಣ್ಣ ಎಲ್ಲ ಸೇರಿರತ್ತೆ, ಅದು ಬೇಡ.

ಈಗ ಕಾಸಿನ ವಿಷಯ. ಇದು ಡಬಲ್ ಸ್ಟ್ರಕ್ (ಒಂದೇ ಅಚ್ಚು ಎರಡು ಸಲ ಬಿದ್ದಿದ್ದು) ಅಲ್ಲ, ಓವರ್‌ಸ್ಟ್ರೈಕ್. ಅಂದ್ರೆ ಬೇರೆ ಯಾವ್ದೋ ಚಲಾವಣೆ ಕಾಸನ್ನೇ ತಗೊಂಡು ಅದರ ಮೇಲೆ ನ್ಯೂಜೆರ್ಸಿ ಅಚ್ಚು ಹೊಡೆದಿದಾರೆ, ಸ್ಲೇಟು ಸರಿಯಾಗಿ ಒರೆಸದೆ ಮೇಲೆ ಬರೆದ ಹಾಗೆ ಹಳೇದು ಉಳ್ಕೊಂಡಿದೆ. ಕುದುರೆ ಮೂತಿ ಕುದುರೆ ತರ ಇಲ್ಲ ಅಂದ್ರಲ್ಲ, ಸರಿಯಾಗೇ ನೋಡಿದೀರ, ಕಲೆಕ್ಟರ್‌ಗಳು ಇದನ್ನ ಕ್ಯಾಮೆಲ್ ಹೆಡ್ ಅಂತಾನೇ ಕರೀತಾರೆ, ಒಂಟೆ ತಲೆ. ಎಡ್ವರ್ಡ್ ಮಾರಿಸ್ ಅನ್ನೋರು 1881ರಲ್ಲಿ ನ್ಯೂಜೆರ್ಸಿ ಕಾಸುಗಳನ್ನೆಲ್ಲ ಅಚ್ಚಿನ ಪ್ರಕಾರ ವಿಂಗಡಿಸಿ ನಂಬರ್ ಕೊಟ್ರು, ಮುಂದಿನ ಅಚ್ಚಿಗೆ ಅಂಕಿ, ಹಿಂದಿನ ಅಚ್ಚಿಗೆ ಅಕ್ಷರ. ಇವತ್ತಿಗೂ ಅದೇ ನಡೀತಿದೆ. ನಿಮ್ದು ಮಾರಿಸ್ 56-ಎನ್ ತರ ಕಾಣತ್ತೆ. ಇದು ಅಪರೂಪ ಅಲ್ಲ, ಆದ್ರೆ ಎಲ್ಲರಿಗೂ ಇಷ್ಟ ಆಗೋ ಕಾಸು, ಯಾಕಂದ್ರೆ ಬಹಳಷ್ಟು 56-ಎನ್ ಹೀಗೇ ಬೇರೆ ಕಾಸಿನ ಮೇಲೆ ಹೊಡೆದಿರೋವು, ಕೆಳಗೆ ಏನಿದೆ ಅಂತ ಹುಡುಕೋದೇ ಅರ್ಧ ಮಜಾ.

ತೂಕನೂ ಅದನ್ನೇ ಹೇಳತ್ತೆ. ಕಾನೂನು ಪ್ರಕಾರ ನ್ಯೂಜೆರ್ಸಿ ಕಾಸು 150 ಗ್ರೇನ್, ನಮ್ಮ ಲೆಕ್ಕದಲ್ಲಿ ಸುಮಾರು 9.7 ಗ್ರಾಂ ಇರ್ಬೇಕು. ನಿಮ್ದು 8.3 ಅಂದ್ರೆ ಕೆಳಗಿರೋದು ಹಗುರದ ಕನೆಕ್ಟಿಕಟ್ ಕಾಸೋ ಏನೋ. ಸವೆದ ಕಾಸಲ್ಲಿ ತೂಕ ಸ್ವಲ್ಪ ಕಮ್ಮಿ ಆಗಿರತ್ತೆ ಅನ್ನೋದೂ ಲೆಕ್ಕಕ್ಕೆ ಇಟ್ಕೊಳ್ಳಿ. 140ಕ್ಕೆ ಮೋಸ ಏನಿಲ್ಲ.

ಒಂದು ಕೆಲಸ ಮಾಡಿ, ನೇರ ಮೇಲಿಂದ ಬೆಳಕು ಬಿಡ್ಬೇಡಿ, ಟಾರ್ಚ್ ಪಕ್ಕದಿಂದ ಮಲಗಿಸಿ ಹಿಡಿದು ಕಾಸನ್ನ ನಿಧಾನ ತಿರುಗಿಸ್ತಾ ಫೋಟೋ ತೆಗೀರಿ.

ಧಾರವಾಡಿ_73
ನಮಸ್ಕಾರ್ರೀ. ನನಗ ಒಂದು ತಿಳೀವಲ್ದು. ಅಮೆರಿಕಾ ಒಂದು ದೇಶ ಅಲ್ಲೇನ್ರೀ, ಹಂಗಿದ್ರ ನ್ಯೂಜೆರ್ಸಿಯವ್ರು ಬ್ಯಾರೆ, ಕನೆಕ್ಟಿಕಟ್‌ನವ್ರು ಬ್ಯಾರೆ ಯಾಕ ಕಾಸು ಹೊಡದ್ರು? ಮತ್ತ ಒಬ್ಬರ ಕಾಸಿನ ಮ್ಯಾಲೆ ಇನ್ನೊಬ್ಬರು ಯಾಕ ಹೊಡೀಬೇಕು, ತಾಮ್ರ ಸಿಗ್ತಿದ್ದಿಲ್ಲೇನು?

ಹಳೇಪೈಸಾ
ಒಳ್ಳೆ ಪ್ರಶ್ನೆ ಸರ್. 1781ರಲ್ಲಿ ಜಾರಿಗೆ ಬಂದ ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್ (ಈಗಿನ ಸಂವಿಧಾನಕ್ಕೂ ಮುಂಚಿನ ಒಕ್ಕೂಟದ ಒಪ್ಪಂದ) ಪ್ರಕಾರ ರಾಜ್ಯಗಳಿಗೂ ನಾಣ್ಯ ಹೊಡೆಯೋ ಹಕ್ಕಿತ್ತು, ಕಾಂಗ್ರೆಸ್ಸು ಮಟ್ಟ ಮತ್ತೆ ಬೆಲೆ ಎಷ್ಟಿರ್ಬೇಕು ಅಂತ ಹೇಳ್ಬೋದಿತ್ತು ಅಷ್ಟೆ. ಆಗ ಜನರ ಕೈಲಿ ಓಡಾಡ್ತಿದ್ದಿದ್ದು ಸ್ಪ್ಯಾನಿಶ್ ಬೆಳ್ಳಿ ಡಾಲರು, ಚಿಲ್ಲರೆಗೆ ಬ್ರಿಟಿಷ್ ಹಾಫ್‌ಪೆನ್ನಿ, ಅದ್ರಲ್ಲೂ ಮುಕ್ಕಾಲುವಾಸಿ ನಕಲಿ. ಹಾಗಾಗಿ 1785ರಿಂದ ಒಂದೊಂದೇ ರಾಜ್ಯ ಗುತ್ತಿಗೆ ಕೊಟ್ಟು ತಾಮ್ರದ ಕಾಸು ಹೊಡೆಸಕ್ಕೆ ಶುರು ಮಾಡ್ತು. 1787ರಲ್ಲಿ ಬರೆದ ಸಂವಿಧಾನದಲ್ಲಿ ರಾಜ್ಯಗಳು ನಾಣ್ಯ ಹೊಡೆಯೋ ಹಾಗಿಲ್ಲ ಅಂತ ಸ್ಪಷ್ಟ ಹಾಕಿದ್ರು, ಅಲ್ಲಿಗೆ ಇದು ಮುಗೀತು. ಫಿಲಡೆಲ್ಫಿಯಾ ಟಂಕಸಾಲೆ ಕಾನೂನು 1792, ಅಲ್ಲಿಂದ ಚಲಾವಣೆಗೆ ಸೆಂಟ್ ಬಂದಿದ್ದು 1793. ಅಂದ್ರೆ ಈ ಇಡೀ ಆಟ ಒಂದೈದು ವರ್ಷದ್ದು, ಅದಕ್ಕೇ ಇಷ್ಟು ಗೋಜಲು ಇಷ್ಟು ಚೆಂದ.

ಒಬ್ಬರ ಮೇಲೆ ಇನ್ನೊಬ್ಬರು ಯಾಕೆ ಹೊಡೆದ್ರು ಅಂದ್ರೆ ದುಡ್ಡು. ತಾಮ್ರ ಕರಗ್ಸಿ, ತಗಡು ಮಾಡಿ, ಬಿಲ್ಲೆ ಕತ್ತರಿಸೋದೇ ಈ ಕೆಲಸದಲ್ಲಿ ಖರ್ಚಿನ ಭಾಗ. ರೆಡಿ ಬಿಲ್ಲೆ ಬೇರೆ ಕಾಸಿನ ರೂಪದಲ್ಲೇ ಸಿಕ್ರೆ ಅಚ್ಚು ಒತ್ತೋದಷ್ಟೇ ಬಾಕಿ. 1789 ಜುಲೈನಲ್ಲಿ ನ್ಯೂಯಾರ್ಕ್ ಕಡೆ ತಾಮ್ರದ ಕಾಸಿನ ಬೆಲೆ ಧಡ್ ಅಂತ ಬಿತ್ತು, ಕಾಪರ್ ಪ್ಯಾನಿಕ್ ಅಂತಾರೆ, ಅಂಗಡಿಯೋರು ತಗೊಳ್ಳೋದೇ ನಿಲ್ಲಿಸಿದ್ರು. ಆದ್ರೆ ನ್ಯೂಜೆರ್ಸಿ ಕಾಸಿಗೆ ಅದರ ರಾಜ್ಯದಲ್ಲಿ ಶಿಲ್ಲಿಂಗಿಗೆ 15 ಅಂತ ಕಾನೂನಿನ ಬೆಲೆ ಇತ್ತು. ಬೆಲೆ ಬಿದ್ದ ಕನೆಕ್ಟಿಕಟ್ ಕಾಸನ್ನ ಕಮ್ಮಿ ದುಡ್ಡಿಗೆ ಮೂಟೆಗಟ್ಟಲೆ ತಗೊಂಡು ಕುದುರೆ ತಲೆ ಒತ್ತಿದ್ರೆ ಲಾಭ ತಾನೆ, ಅಚ್ಚಲ್ಲಿ ವರ್ಷ ಮಾತ್ರ ಹಳೇದೇ 1787. ಎಲಿಜಬೆತ್‌ಟೌನ್‌ನಲ್ಲಿ ಮಥಾಯಸ್ ಆಗ್ಡನ್ ಅನ್ನೋರ ಜಾಗದಲ್ಲಿ ಈ ಒಂಟೆ ತಲೆ ಕೆಲಸ ನಡೀತು ಅಂತ ಸಾಮಾನ್ಯವಾಗಿ ಒಪ್ಪಿರೋದು.

ಎಡಿಸನ್_ಗೌಡ
ಎಲಿಜಬೆತ್ ನಮ್ಮ ಟ್ರೈನ್ ಲೈನಲ್ಲೇ ಬರೋ ಊರಲ್ವಾ!! ದಿನಾ ಅದ್ರ ಮೇಲೇ ಓಡಾಡ್ತೀನಿ

ಹಳೇಪೈಸಾ
ಇನ್ನೊಂದು ಟಂಕಸಾಲೆ ಇದ್ದ ರಾವೇನೂ ಅದೇ ಲೈನಲ್ಲೇ ಇದೆ ಗೌಡ್ರೇ. 1786 ಜೂನ್ 1ರ ಕಾನೂನಲ್ಲಿ ವಾಲ್ಟರ್ ಮೌಲ್ಡ್, ಥಾಮಸ್ ಗೋಡ್ಸ್‌ಬಿ, ಆಲ್ಬಿಯನ್ ಕಾಕ್ಸ್ ಮೂವರಿಗೆ ಸೇರಿ 30 ಲಕ್ಷ ಕಾಸಿನ ಗುತ್ತಿಗೆ ಸಿಕ್ತು, ಹತ್ತರಲ್ಲಿ ಒಂದು ಪಾಲು ರಾಜ್ಯಕ್ಕೆ ಕೊಡ್ಬೇಕು ಅಂತ. ವರ್ಷ ತುಂಬೋದ್ರೊಳಗೆ ಜಗಳ. ಆಮೇಲೆ ಗೋಡ್ಸ್‌ಬಿ ಮತ್ತೆ ಕಾಕ್ಸ್ ರಾವೇನಲ್ಲಿ ಒಂದು ಹಿಟ್ಟಿನ ಗಿರಣಿಲಿ 20 ಲಕ್ಷಕ್ಕೆ, ಮೌಲ್ಡ್ ಒಬ್ರೇ ಮಾರಿಸ್‌ಟೌನ್‌ನಲ್ಲಿ 10 ಲಕ್ಷಕ್ಕೆ ಅಂತ ಹಂಚ್ಕೊಂಡ್ರು. ಅಂದಹಾಗೆ ಅಮೆರಿಕದ ನಾಣ್ಯದ ಮೇಲೆ "ಇ ಪ್ಲುರಿಬಸ್ ಉನಮ್" ಮೊದಲು ಬಂದಿದ್ದು ಈ ನ್ಯೂಜೆರ್ಸಿ ಕಾಸಲ್ಲೇ, ಈಗಿನ ಪ್ರತಿ ಕ್ವಾರ್ಟರ್ ಮೇಲೂ ಇರತ್ತಲ್ಲ ಅದೇ.

ಹಾರ್ಟ್‌ಫರ್ಡ್_ಭಟ್ರು
ಇಷ್ಟೊತ್ತಿಗೆ ನಂಗೆ ಯಾರೂ ಹೇಳ್ಲಿಲ್ವಲ್ಲ ಮಾರಾಯ್ರೆ, ಕನೆಕ್ಟಿಕಟ್ ಹೆಸರು ಬಂದ ಕೂಡ್ಲೆ ನನ್ನನ್ನು ಕರೀಬೇಕಿತ್ತು. ನಾನು ಇದ್ದದ್ದೇ ಅಲ್ಲಿ, ಒಟ್ಟುಮಾಡುವುದೂ ಅದೇ.

ಹೊಸಬರಿಗೆ ಒಂದು ಹೇಳ್ತೇನೆ. ಕನೆಕ್ಟಿಕಟ್ ಕಾಸು 1785ರಿಂದ 1788ರವರೆಗೆ ಉಂಟು, ಒಂದು ಬದಿ ಕವಚ ಹಾಕಿದ ಇಲ್ಲಾ ಬಟ್ಟೆ ಹೊದ್ದ ಗಂಡಿನ ತಲೆ, "ಆಕ್ಟೋರಿ ಕನೆಕ್" ಅಂದ್ರೆ ಕನೆಕ್ಟಿಕಟ್ ಅಧಿಕಾರದಿಂದ, ಇನ್ನೊಂದು ಬದಿ ಕೂತ ಹೆಂಗಸು, "ಇಂಡೆ ಎಟ್ ಲಿಬ್", ಸ್ವಾತಂತ್ರ್ಯದ ಘೋಷಣೆ ಅದು. ನೋಡ್ಲಿಕ್ಕೆ ಥೇಟ್ ಬ್ರಿಟಿಷ್ ಹಾಫ್‌ಪೆನ್ನಿ. ಬೇಕಂತಲೇ ಹಾಗೆ ಮಾಡಿದ್ದು, ಓದ್ಲಿಕ್ಕೆ ಬಾರದವನೂ ಕೈಗೆ ಕೊಟ್ರೆ ತಕ್ಕೊಳ್ಬೇಕಲ್ಲ. ಅಚ್ಚಿನ ಬಗೆ ಮುನ್ನೂರಕ್ಕೂ ಮಿಕ್ಕಿ ಉಂಟು, 1920ರಲ್ಲಿ ಹೆನ್ರಿ ಮಿಲ್ಲರ್ ಪಟ್ಟಿ ಮಾಡಿದ್ದು, ಮಿಲ್ಲರ್ ನಂಬರ್ ಅಂತಲೇ ಹೇಳುವುದು. ಅಡ್ಡಹೆಸರುಗಳಂತೂ ಕೇಳ್ಬೇಡಿ. ಮಟನ್‌ಹೆಡ್ ಉಂಟು, ಲಾಫಿಂಗ್ ಹೆಡ್ ಉಂಟು, ಹರ್ಕ್ಯುಲಸ್ ಹೆಡ್ ಉಂಟು, ಎದೆ ಮೇಲೆ ಅಚ್ಚು ಒಡೆದು ಕೊಂಬಿನ ಹಾಗೆ ಕಾಣುವ ಹಾರ್ನ್ಡ್ ಬಸ್ಟ್ ಉಂಟು. ಅಕ್ಷರ ತಪ್ಪುಗಳು ಬೇರೆ, "ಕನೆಕ್" ಅಲ್ಲಿ ಇ ಬದಲು ಎಫ್ ಹೊಡೆದದ್ದು, "ಇಂಡೆ" ಬದಲು "ಫಂಡೆ" ಅಂತ ಓದುವಂಥದ್ದು. 1787ರಲ್ಲಿ ಎಷ್ಟು ಅವಸರದಲ್ಲಿ ಅಚ್ಚು ಕೆತ್ತಿದ್ರು ಅಂತ ಇದರಿಂದಲೇ ಗೊತ್ತಾಗ್ತದೆ.

ಗೌಡ್ರೆ, ಪಕ್ಕದ ಬೆಳಕಿನ ಫೋಟೋ ಹಾಕಿ, ಅಡಿಯಲ್ಲಿರುವುದು ಯಾವ ಮಿಲ್ಲರ್ ಅಂತ ನೋಡುವ.

ಎಡಿಸನ್_ಗೌಡ
ತಗೊಳಿ ಭಟ್ರೆ, ಹೆಂಡ್ತಿ ಫೋನಲ್ಲಿ ಮ್ಯಾಕ್ರೋ ಚೆನ್ನಾಗಿದೆ ಅಂತ ಅದ್ರಲ್ಲೇ ತೆಗ್ದೆ. ಗುರಾಣಿ ಬಲಕ್ಕೆ, ಉನಮ್ ಅನ್ನೋ ಪದದ ಒಳಗಡೆ ಅಂಚಲ್ಲಿ, ಟಿ ಆಮೇಲೆ ಓ ಆಮೇಲೆ ಅರ್ಧ ಆರ್ ಕಾಣ್ತಿದೆ. ಗುರಾಣಿ ಗೆರೆಗಳ ಮಧ್ಯೆ ಒಂದು ಬಾಗಿದ ಗೆರೆನೂ ಇದೆ, ಮೊದ್ಲು ಗೀರು ಅನ್ಕೊಂಡಿದ್ದೆ.

ಹಾರ್ಟ್‌ಫರ್ಡ್_ಭಟ್ರು
ಗೀರಲ್ಲ ಅದು, ಬಟ್ಟೆಯ ಮಡಿಕೆ! ಟಿ, ಓ, ಆರ್ ಅಂದ್ರೆ "ಆಕ್ಟೋರಿ"ಯ ನಡು ಭಾಗ, ಮಡಿಕೆ ಉಂಟು ಅಂದ್ರೆ ಡ್ರೇಪ್ಡ್ ಬಸ್ಟ್ ಲೆಫ್ಟ್ (ಬಟ್ಟೆ ಹೊದ್ದು ಎಡಕ್ಕೆ ನೋಡುವ ತಲೆ), ಅಲ್ಲಿಗೆ ನಿಮ್ಮ ಒಂಟೆಯ ಅಡಿಯಲ್ಲಿ 1787ರ ಕನೆಕ್ಟಿಕಟ್ ಕಾಸು ಇರುವ ಸಾಧ್ಯತೆ ಜಾಸ್ತಿ. ಅಂದ್ರೆ ಕನೆಕ್ಟಿಕಟ್‌ನ ಮುಂದಿನ ಬದಿ ಮೇಲೆ ನ್ಯೂಜೆರ್ಸಿಯ ಗುರಾಣಿ ಬಿದ್ದದ್ದು. ಕುದುರೆ ಬದಿಯಲ್ಲಿ ಕೂತ ಹೆಂಗಸಿನ ಗುರುತು ಸಿಗ್ಬೇಕು, ಇಲ್ಲಾ "ಇಂಡೆ"ಯ ಅಕ್ಷರ. ಮಿಲ್ಲರ್ ನಂಬರ್ ಇಷ್ಟರಲ್ಲಿ ಹೇಳ್ಲಿಕ್ಕೆ ಆಗುವುದಿಲ್ಲ. ಡ್ರೇಪ್ಡ್ ಬಸ್ಟ್‌ನಲ್ಲಿ 33 ನಂಬರಿನ ಅಚ್ಚುಗಳೇ ಒಂದು ಹಿಂಡು ಉಂಟು, ಅವನ್ನು ಬೇರೆ ಮಾಡ್ಲಿಕ್ಕೆ ತಲೆಯ ಎಲೆಯ ತುದಿ ಯಾವ ಅಕ್ಷರದ ಕಡೆ ನೋಡ್ತದೆ, ಪದಗಳ ನಡುವೆ ಚುಕ್ಕೆ ಎಷ್ಟು, ಐದೆಸಳಿನ ಹೂ ಎಷ್ಟು ಅಂತೆಲ್ಲ ಲೆಕ್ಕ ಹಾಕ್ಬೇಕು. ನಿಮ್ಮದರಲ್ಲಿ ಎಲೆಯೇ ಉಳೀಲಿಲ್ಲ.

ಬನಶಂಕರಿ_ಬಾಯ್
ಸಾರಿ ಹಳೇಪೈಸಾ ಸರ್ ಹುಣಸೆಹಣ್ಣು ವಾಪಸ್ 😅 ಆದ್ರೆ ಒಂದು ಡೌಟು, ಇದನ್ನೆಲ್ಲ ಯಾರು ಕೆತ್ತಿದ್ದು? ಇಷ್ಟೊಂದು ಸ್ಪೆಲಿಂಗ್ ಮಿಸ್ಟೇಕ್ ಮಾಡಿದೋನಿಗೆ ಗೌರ್ಮೆಂಟ್ ಕೆಲಸ ಹೇಗ್ ಸಿಕ್ತು

ಹಾರ್ಟ್‌ಫರ್ಡ್_ಭಟ್ರು
ಹ್ಹಹ್ಹ, ಇದು ಕೇಳಿ. ನ್ಯೂ ಹೇವನ್‌ನ ಏಬೆಲ್ ಬ್ಯುಯೆಲ್ ಅಂತ ಒಬ್ಬ ಕೆತ್ತನೆಗಾರ ಇದ್ದ, ಕನೆಕ್ಟಿಕಟ್ ಕಾಸಿನ ಅಚ್ಚುಗಳಿಗೆ ಅವನ ಹೆಸರೇ ಮುಖ್ಯ. ಈ ಜನ 1764ರಲ್ಲಿ ಇದೇ ಕನೆಕ್ಟಿಕಟ್‌ನ ಕಾಗದದ ನೋಟು ತಿದ್ದಿ ಬೆಲೆ ಏರಿಸಿ ಸಿಕ್ಕಿಬಿದ್ದವ. ಹಣೆಗೆ ಬರೆ ಹಾಕಿ ಕಿವಿಯ ತುದಿ ಕತ್ತರಿಸಿದ್ರು. ಆ ಕಿವಿಯ ತುಂಡನ್ನು ನಾಲಿಗೆ ಮೇಲೆ ಬೆಚ್ಚಗೆ ಇಟ್ಟುಕೊಂಡಿದ್ದು ವಾಪಸ್ ಅಂಟಿಸಿದ, ಅದು ಕೂಡಿಕೊಂಡಿತು ಅಂತ ಒಂದು ಕಥೆ ಉಂಟು, ನಂಬುದು ಬಿಡುದು ನಿಮಗೆ ಬಿಟ್ಟದ್ದು. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ರಾಜ್ಯದ ಕಾಸಿಗೆ ಅವನೇ ಅಚ್ಚು ಕೆತ್ತಿದ್ದು! ನಡುವೆ 1784ರಲ್ಲಿ ಹೊಸ ದೇಶದ ಭೂಪಟ ಕೂಡ ಮಾಡಿದ್ದಾನೆ, ಅಮೆರಿಕದವನೇ ಅಮೆರಿಕದಲ್ಲೇ ಅಚ್ಚು ಹಾಕಿದ ಮೊದಲ ಅಮೆರಿಕ ಭೂಪಟ ಅದು. 2010ರಲ್ಲಿ ಅದರ ಒಂದು ಪ್ರತಿ 20 ಲಕ್ಷ ಡಾಲರಿಗೂ ಮೇಲೆ ಹೋಯ್ತು.

ಆದ್ರೆ ಬ್ಯುಯೆಲ್ ಸಣ್ಣ ಕಳ್ಳ. ದೊಡ್ಡ ಕಳ್ಳ ಬೇರೆ ಇದ್ದಾನೆ, ಜೇಮ್ಸ್ ಜಾರ್ವಿಸ್. ಕನೆಕ್ಟಿಕಟ್ ಟಂಕಸಾಲೆ ಕಂಪನಿಯಲ್ಲಿ ಪಾಲು ಒಟ್ಟು ಮಾಡ್ತಾ ಬಂದ, ಆಮೇಲೆ 1787ರಲ್ಲಿ ಕೇಂದ್ರ ಕಾಂಗ್ರೆಸ್ಸಿನ 300 ಟನ್ ತಾಮ್ರದ ಕಾಸಿನ ಗುತ್ತಿಗೆ ಹೊಡ್ಕೊಂಡ, ಅದಕ್ಕೆ ಬೋರ್ಡ್ ಆಫ್ ಟ್ರೆಷರಿಯ ವಿಲಿಯಂ ಡ್ಯೂರ್‌ಗೆ 10,000 ಡಾಲರ್ ಲಂಚ. ಸರ್ಕಾರದ 30 ಟನ್ ಚಿಲ್ಲರೆ ತಾಮ್ರ ಕೈಗೆ ಬಂತು. ಅದರಲ್ಲಿ ಹೊಡೀಬೇಕಾದ್ದು ಫ್ಯೂಜಿಯೋ ಸೆಂಟು, ಸೂರ್ಯ ಗಡಿಯಾರ, ಹದಿಮೂರು ಬಳೆ ಕೊಂಡಿ ಹಾಕಿದ ಚಿತ್ರ, "ಮೈಂಡ್ ಯುವರ್ ಬಿಸಿನೆಸ್" ಅಂತ ಬರೆದದ್ದು. ಹೊಡೆದು ಕೊಟ್ಟದ್ದು 4 ಲಕ್ಷದ ಒಳಗೆ. ಉಳಿದ ತಾಮ್ರದಲ್ಲಿ ಹಗುರವಾದ ಕನೆಕ್ಟಿಕಟ್ ಕಾಸು ಹೊಡೆದು ಲಾಭ ಮಾಡಿದ್ರು. ಜಾರ್ವಿಸ್ ಅಷ್ಟೊತ್ತಿಗೆ ತಾಮ್ರ ಕೊಡಿ ಅಂತ ಇಂಗ್ಲೆಂಡಿಗೆ ಮ್ಯಾಥ್ಯೂ ಬೋಲ್ಟನ್ ಹತ್ರ ಹೋಗಿದ್ದ, ಅವ ಕೊಡ್ಲಿಲ್ಲ. 1788ರಲ್ಲಿ ಕಾಂಗ್ರೆಸ್ಸು ಗುತ್ತಿಗೆ ರದ್ದು ಮಾಡಿತು. ಹಾಗಾಗಿ ಗೌಡ್ರೆ, ನಿಮ್ಮ ಒಂಟೆಯ ಅಡಿಯ ತಾಮ್ರ ಕದ್ದ ಮಾಲಾದ್ರೂ ಆಶ್ಚರ್ಯ ಇಲ್ಲ.

ಧಾರವಾಡಿ_73
ಏನ್ ಭಾರಿ ಕಥಿ ಐತ್ರೀ ಇದು! ನಮ್ಮ ಕಡೆ ಗುತ್ತಿಗಿ ಹಗರಣ ಏನೂ ಅಲ್ಲ ಬಿಡ್ರಿ ಇದ್ರ ಮುಂದ. ವರ್ಮಾಂಟಿನ್ದು ಅಂತ ಇನ್ನೊಂದು ಐತಲ್ಲ, ಸೂರ್ಯ ಗುಡ್ಡ ನೇಗಿಲ ಇರೂದು, ಅದ್ರ ಚಿತ್ರ ಒಂದ್ಸಲ ನೋಡಿದ್ದೆ, ಮನಸ್ಸಿನ್ಯಾಗ ಕುಂತ್ ಬಿಟ್ಟೈತಿ.

ಹಳೇಪೈಸಾ
ನನ್ ಪ್ರಕಾರ ಇಡೀ ಸರಣಿಲಿ ಅತಿ ಚೆಂದದ್ದು ಅದೇ. ವರ್ಮಾಂಟ್ ಆಗ ರಾಜ್ಯನೇ ಅಲ್ಲ ಸರ್, ತನ್ನಷ್ಟಕ್ಕೆ ತಾನೇ ಗಣರಾಜ್ಯ ಅಂತ ಘೋಷಿಸ್ಕೊಂಡು ಕೂತಿತ್ತು, ಒಕ್ಕೂಟಕ್ಕೆ ಸೇರಿದ್ದು 1791ರಲ್ಲಿ, ಹದಿನಾಲ್ಕನೇ ರಾಜ್ಯವಾಗಿ. ಆದ್ರೆ 1785ರ ಕಾಸಿನ ಮೇಲೇ "ಸ್ಟೆಲಾ ಕ್ವಾರ್ಟಾ ಡೆಸಿಮಾ" ಅಂತ ಹಾಕೊಂಡಿದ್ರು, ಹದಿನಾಲ್ಕನೇ ನಕ್ಷತ್ರ ಅಂತ. ಅರ್ಜಿ ಹಾಕೋ ಮುಂಚೆನೇ ಬೋರ್ಡು ಬರೆಸಿಟ್ಟಿದ್ರು. ರೂಪರ್ಟ್ ಅನ್ನೋ ಹಳ್ಳಿಲಿ ರೂಬೆನ್ ಹಾರ್ಮನ್ ಅನ್ನೋರಿಗೆ ಗುತ್ತಿಗೆ, ಹಳ್ಳದ ಪಕ್ಕ ಒಂದು ಸಣ್ಣ ಮರದ ಶೆಡ್ಡು, 16 ಅಡಿಗೆ 18 ಅಡಿ ಅಂತ ಹೇಳ್ತಾರೆ, ಅದೇ ಟಂಕಸಾಲೆ. ಪೈನ್ ಮರ ತುಂಬಿದ ಗುಡ್ಡದ ಹಿಂದಿಂದ ಸೂರ್ಯ ಎದ್ದು ಬರ್ತಿರೋದು, ಮುಂದೆ ನೇಗಿಲು. ಬಿಲ್ಲೆಗಳು ಕೆಟ್ಟದಾಗಿ ಬಿರುಕು ಬಿಟ್ಟಿರತ್ತೆ, ಕರಿ ಗೆರೆ, ಗುಳಿ, ಎಲ್ಲ ಇರತ್ತೆ, ನುಣ್ಣಗಿರೋ ವರ್ಮಾಂಟ್ ಬೇಕು ಅಂತ ಕೂತ್ರೆ ಆಯಸ್ಸು ಮುಗಿಯತ್ತೆ. ಅದು ಕಾಸಿನ ತಪ್ಪಲ್ಲ, ಹುಟ್ಟಿದ್ದೇ ಹಾಗೆ. ಆಮೇಲೆ 1786ರಿಂದ ಗುಡ್ಡ ಬಿಟ್ಟು ತಲೆ ಚಿತ್ರಕ್ಕೆ ಬಂದ್ರು, ನನಗೆ ಅಲ್ಲಿಂದ ಆಸಕ್ತಿ ಅರ್ಧ ಕಮ್ಮಿ.

ಒಂದು ಟ್ರಿಕ್ ಹೇಳ್ತೀನಿ. ರೈಡರ್ 13 (ರೈಡರ್ ಅನ್ನೋರ ಪಟ್ಟಿಯ 13ನೇ ನಂಬರ್) ಅಂತ ಒಂದು ವರ್ಮಾಂಟ್ ಇದೆ, ಮುಂದೆ ವರ್ಮಾಂಟ್ ತಲೆ, ಹಿಂದೆ "ಬ್ರಿಟಾನಿಯಾ" ಅಂತಿರತ್ತೆ, ನಕಲಿ ಬ್ರಿಟಿಷ್ ಹಾಫ್‌ಪೆನ್ನಿ ಅಚ್ಚನ್ನೇ ಜೋಡ್ಸಿರೋದು. ಹಾರ್ಮನ್ ಆಗ ನ್ಯೂಯಾರ್ಕಿನ ನ್ಯೂಬರ್ಗ್ ಹತ್ರದ ಮೇಚಿನ್ಸ್ ಮಿಲ್ಸ್ ಅನ್ನೋ ಗುಟ್ಟಿನ ಕಾರ್ಖಾನೆ ಜೊತೆ ಸೇರ್ಕೊಂಡಿದ್ದ. ಈ 13ರ ಹಿಂಭಾಗ ಹೊಸದರಲ್ಲೇ ಮಸುಕು. ಗೊತ್ತಿಲ್ಲದೋರು ಹಿಂಭಾಗ ನೋಡಿ "ಪೂರ್ತಿ ಸವೆದೋಗಿದೆ" ಅಂತ ಕಮ್ಮಿ ಬೆಲೆಗೆ ಕೊಡ್ತಾರೆ. ಮುಂಭಾಗ ನೋಡಿ ತಗೊಳ್ಳಿ.

ಸುಮಾ_ಬೋಸ್ಟನ್
ಎಲ್ಲರೂ ಗುಟ್ಟಿನ ಕಾರ್ಖಾನೆ, ಕಳ್ಳ ಕೆತ್ತನೆಗಾರರ ಬಗ್ಗೆನೇ ಮಾತಾಡ್ತಿದೀರ, ನಮ್ ಮೆಸಾಚುಸೆಟ್ಸ್ ಕಡೆನೂ ನೋಡಿ ಸ್ವಲ್ಪ. ನಾವು ಮಾತ್ರ ರಾಜ್ಯನೇ ಸ್ವಂತ ಟಂಕಸಾಲೆ ಇಟ್ಟು, ಜೋಶುವಾ ವಿದರ್ಲಿ ಕೈಲಿ ಕೊಟ್ಟು, ಪೂರ್ತಿ ತೂಕ ಹಾಕಿ ನೀಟಾಗಿ ಹೊಡೆದಿದ್ದು. ಒಂದು ಸೆಂಟಿಗೆ 157.5 ಗ್ರೇನ್ ತಾಮ್ರ. "ಸೆಂಟ್" ಅನ್ನೋ ಪದ ಅಮೆರಿಕದ ನಾಣ್ಯದ ಮೇಲೆ ಮೊದಲು ಬಂದಿದ್ದೂ ಇದರ ಮೇಲೇ, 1787ರಲ್ಲಿ, ಹದ್ದಿನ ಎದೆ ಮೇಲಿನ ಗುರಾಣಿಲಿ. ಪ್ರಾಮಾಣಿಕತೆಗೆ ಸಿಕ್ಕಿದ್ದೇನು ಅಂದ್ರೆ ಒಂದು ಸೆಂಟ್ ಹೊಡೆಯಕ್ಕೆ ಎರಡು ಸೆಂಟ್ ಖರ್ಚು ಬಂತು, 1789ರಲ್ಲಿ ಬಾಗ್ಲು ಹಾಕಿದ್ರು.

ಇದ್ರಲ್ಲಿ ನೋಡೋದು ಸುಲಭ. ಜೋಸೆಫ್ ಕ್ಯಾಲೆಂಡರ್ ಕೆತ್ತಿದ ಅಚ್ಚಲ್ಲಿ ಎಸ್ ಅಕ್ಷರ ಮುಚ್ಕೊಂಡು ಇಂಗ್ಲಿಷ್ 8 ತರ ಇರತ್ತೆ, ಜೇಕಬ್ ಪರ್ಕಿನ್ಸ್ ಕೆತ್ತಿದ್ದರಲ್ಲಿ ಎಸ್ ಬಿಚ್ಕೊಂಡಿರತ್ತೆ. "ಮೆಸಾಚುಸೆಟ್ಸ್" ಅಂತ ಬರೆಯಕ್ಕೆ ಎಸ್ ಎಷ್ಟು ಬೇಕು ನೋಡಿ, ಗುರುತು ಹಿಡಿಯಕ್ಕೆ ಬೇಕಾದಷ್ಟು ಸಿಗತ್ತೆ. ಮತ್ತೆ 1787ರಲ್ಲಿ ಬಾಣ ಹದ್ದಿನ ಬಲಗಾಲಿನ ಉಗುರಲ್ಲಿ (ನೋಡೋರಿಗೆ ಎಡಗಡೆ) ಇದ್ರೆ ಆ ಡೀಲರ್ ಹತ್ರ ಮುಖ ಸಪ್ಪಗೆ ಇಟ್ಕೊಂಡು ಕೇಳಿದಷ್ಟು ಕೊಟ್ಟು ಬಂದ್ಬಿಡಿ, ಸಾಮಾನ್ಯದ್ದರಲ್ಲಿ ಬಾಣ ಹದ್ದಿನ ಎಡಗಾಲಲ್ಲಿ.

ಎಡಿಸನ್_ಗೌಡ
ಸುಮಾ ಮೇಡಂ ಸೂಪರ್. ಈಗ ಪ್ರಶ್ನೆ, ನನ್ ಒಂಟೆನ ಗ್ರೇಡಿಂಗ್‌ಗೆ ಕಳಿಸ್ಬೇಕಾ? ಆಫೀಸಲ್ಲಿ ಒಬ್ರು ಸ್ಲ್ಯಾಬ್ (ಗ್ರೇಡ್ ಬರೆದು ಸೀಲ್ ಮಾಡಿ ಕೊಡೋ ಪ್ಲಾಸ್ಟಿಕ್ ಡಬ್ಬಿ) ಇಲ್ಲದ ಕಾಯಿನ್ನು ಕಾಯಿನ್ನೇ ಅಲ್ಲ ಅಂದ್ರು.

ಸುಮಾ_ಬೋಸ್ಟನ್
ನಾನಂತೂ ಸ್ಲ್ಯಾಬ್ ಪರ. ಮುಂದೆ ಮಾರೋವಾಗ ವಾದ ಮಾಡೋ ಹಾಗಿರಲ್ಲ, ನಕಲಿ ಭಯ ಇರಲ್ಲ. ಈ ನಾಲ್ಕೈದು ಸಾವಿರ ಡಾಲರ್ ಕಾಸುಗಳನ್ನ ಯಾರೂ ಬರೀ ಕವರಲ್ಲಿ ಇಟ್ಟಿರೋದನ್ನ ನಂಬಿ ತಗೊಳ್ಳಲ್ಲ.

ಹಳೇಪೈಸಾ
ನಾನು ಒಪ್ಪಲ್ಲ ಮೇಡಂ, ಕನಿಷ್ಠ ಈ ಬೆಲೆಯ ಕಾಸಿಗೆ ಒಪ್ಪಲ್ಲ. 140 ಡಾಲರ್ ಕಾಸಿಗೆ ಗ್ರೇಡಿಂಗ್ ಫೀಸು, ಹೋಗಿ ಬರೋ ಇನ್ಶೂರೆನ್ಸ್ ಅಂಚೆ ಎಲ್ಲ ಸೇರ್ಸಿದ್ರೆ ಕಾಸಿನ ಅರ್ಧ ಬೆಲೆ ಅಲ್ಲೇ ಹೋಯ್ತು, ಕೊನೆಗೆ ವಾಪಸ್ ಬರೋದು "ಡೀಟೇಲ್ಸ್" ಅಂತ, ಅಂದ್ರೆ ಕಾಸಲ್ಲಿ ದೋಷ ಇದೆ ಅನ್ನೋ ಹಣೆಪಟ್ಟಿ ಹಚ್ಕೊಂಡು. ಈ ಕಾಸುಗಳು ಹುಟ್ಟಿದಾಗಲೇ ಓರೆ, ಮಸುಕು, ಬಿರುಕು. ಒಂದರಿಂದ ಎಪ್ಪತ್ತರ ಅಳತೆ ಇಟ್ಕೊಂಡು ಇದನ್ನ ಅಳೆಯೋದೇ ಅರ್ಥ ಇಲ್ಲ. ಒಂದು ಕಾಸಿಗೆ ಸವಕಳಿ ಕಮ್ಮಿ ಇರತ್ತೆ, ಆದ್ರೆ ದಿನಾಂಕವೇ ಅಂಚಿಂದ ಆಚೆ ಹೋಗಿರತ್ತೆ, ಇನ್ನೊಂದು ಸವೆದಿರತ್ತೆ ಆದ್ರೆ ಪೂರ್ತಿ ಓದಕ್ಕೆ ಬರತ್ತೆ. ನಾನು ಎರಡನೇದೇ ತಗೊಳ್ಳೋದು, ಯಾವಾಗ್ಲೂ. ಮತ್ತೆ ಸ್ಲ್ಯಾಬಿನ ಮೇಲೆ ಎಷ್ಟೋ ಸಲ ಅಚ್ಚಿನ ಬಗೆ ಬರೆದೇ ಇರಲ್ಲ, ಸುಮ್ನೆ "1787 ಕನೆಕ್ಟಿಕಟ್" ಅಂತಿರತ್ತೆ. ಅಲ್ಲೇ ಬೇಟೆ ಇರೋದು.

ಹಾರ್ಟ್‌ಫರ್ಡ್_ಭಟ್ರು
ಹಳೇಪೈಸಾ ಹೇಳಿದ್ದು ನೂರಕ್ಕೆ ನೂರು. ಈ ಕಾಸಿನ ಲೋಕದ ಒಂದು ವಿಚಿತ್ರ ಏನು ಗೊತ್ತುಂಟಾ, ಅಪರೂಪ ಮತ್ತು ಬೆಲೆ ಎರಡಕ್ಕೂ ಸಂಬಂಧವೇ ಕಮ್ಮಿ. ಅಪರೂಪಕ್ಕೆ ಆರ್-1ರಿಂದ ಆರ್-8 ಅಂತ ಅಳತೆ ಉಂಟು, ಆರ್-7 ಅಂದ್ರೆ ಜಗತ್ತಲ್ಲೇ 4ರಿಂದ 12, ಆರ್-8 ಅಂದ್ರೆ ಒಂದೋ ಎರಡೋ ಮೂರೋ. ಫಿಲಡೆಲ್ಫಿಯಾದ ಸೆಂಟಿನಲ್ಲಿ ಯಾವ್ದಾದ್ರೂ ಬಗೆ ಹತ್ತೇ ಉಂಟು ಅಂದ್ರೆ ಮನೆ ಮಾರ್ಬೇಕು. ಕನೆಕ್ಟಿಕಟ್‌ನಲ್ಲಿ ಹತ್ತೇ ಇರುವ ಒಂದು ಸಾಧಾರಣ ಮುಖದ ಕಾಸು ಅದರ ನೂರರಲ್ಲೊಂದು ಪಾಲಿಗೂ ಸಿಗ್ಲಿಕ್ಕೆ ಸಾಕು. ಯಾಕಂದ್ರೆ ಕಾಸು ಹತ್ತು ಇದ್ರೆ ಬೇಕು ಅನ್ನುವವರು ಎಂಟೇ ಜನ! ಅದೇ 1652 ಅಂತ ಬರೆದ ಪೈನ್ ಮರದ ಬೆಳ್ಳಿ ಶಿಲ್ಲಿಂಗ್ ಬೇಕಾದಷ್ಟು ಉಂಟು, ಪ್ರತಿ ಹರಾಜಲ್ಲೂ ಬರ್ತದೆ, ಆದ್ರೂ ಸಾವಿರಗಟ್ಟಲೆ, ಶಾಲೆ ಪುಸ್ತಕದಲ್ಲಿ ಚಿತ್ರ ನೋಡಿದ ಪ್ರತಿಯೊಬ್ಬನಿಗೂ ಅದು ಬೇಕಲ್ಲ. ನ್ಯೂಯಾರ್ಕಿನ ಅಕ್ಕಸಾಲಿ ಇಫ್ರೇಮ್ ಬ್ರೇಶರ್ 1787ರಲ್ಲಿ ಮಾಡಿದ ಚಿನ್ನದ ಡಬ್ಲೂನ್ 2021ರಲ್ಲಿ 93 ಲಕ್ಷ 60 ಸಾವಿರ ಡಾಲರಿಗೆ ಹೋಯ್ತು, ಅದು ನಮ್ಮ ಲೋಕವೇ ಅಲ್ಲ ಬಿಡಿ.

ದುಡ್ಡಿಗಿಂತ ಕಣ್ಣು ಕೆಲಸ ಮಾಡುವ ಜಾಗ ಅಂತ ಉಳಿದದ್ದು ಈ ತಾಮ್ರ ಮಾತ್ರ. ಅಚ್ಚಿನ ಬಗೆ ಕಲಿತವನಿಗೆ ಡೀಲರನ ಡಬ್ಬಿಯಲ್ಲಿ ಸಾಮಾನ್ಯ ಬೆಲೆಗೆ ಆರ್-6 ಸಿಕ್ಕೇ ಸಿಗ್ತದೆ, ಡೀಲರಿಗೆ ಮುನ್ನೂರು ಬಗೆ ಕೂತು ನೋಡ್ಲಿಕ್ಕೆ ಪುರುಸೊತ್ತು ಎಲ್ಲಿಂದ.

ಬನಶಂಕರಿ_ಬಾಯ್
ಆನ್‌ಲೈನಲ್ಲಿ 15 ಡಾಲರ್‌ಗೆ ಬರ್ತಿದೆ 1787 ಫ್ಯೂಜಿಯೋ, ಹೊಸದು ತರ ಇದೆ. ತಗೊಳ್ಳ?

ಹಳೇಪೈಸಾ
ಬೇಡ್ವೋ ಮಾರಾಯ. ಅದು ಪೇಪರ್‌ವೆಯ್ಟ್. 1973ರ ಕಾನೂನಿನ ಪ್ರಕಾರ ರೆಪ್ಲಿಕಾ ಮೇಲೆ "ಕಾಪಿ" ಅಂತ ಒತ್ತಿರ್ಬೇಕು, ಅದಕ್ಕೂ ಮುಂಚೆ ಮಾಡಿದ್ದರ ಮೇಲೆ ಏನೂ ಇರಲ್ಲ, ಈಗ ಹೊರಗಿಂದ ಬರೋವ್ರು ಕಾನೂನು ಕೇಳಲ್ಲ. ಎರಕ ಹೊಯ್ದ ನಕಲಿ ಆದ್ರೆ ಅಂಚಲ್ಲಿ ಸುತ್ತ ಒಂದು ಸಣ್ಣ ಏಣು, ಮೈಮೇಲೆ ಗುಳ್ಳೆ ಗುಳ್ಳೆ. ಎಲೆಕ್ಟ್ರೋಟೈಪ್ ಆದ್ರೆ ಎರಡು ಚಿಪ್ಪು ಸೇರ್ಸಿರೋದು, ಅಂಚಲ್ಲಿ ಬೆಸುಗೆ ಗೆರೆ ಇರತ್ತೆ, ಕುಟ್ಟಿದ್ರೆ ಸದ್ದು ಬರಲ್ಲ. ಭಯ ಇರೋದು ಈಚಿನವಕ್ಕೆ, ನಿಜವಾದ ಕಾಸಿಂದಲೇ ಅಚ್ಚು ಎತ್ತಿ ಒತ್ತೋವು, ತೂಕನೂ ಸರಿ ಇರತ್ತೆ. ಅದನ್ನ ಹಿಡಿಯೋ ದಾರಿ ಏನಂದ್ರೆ ಮೂಲ ಕಾಸಿನ ಮೇಲಿದ್ದ ಗೀರು ಕಚ್ಚು ಎಲ್ಲ ಪ್ರತಿ ನಕಲಿಲೂ ಅದೇ ಜಾಗದಲ್ಲಿ ಬಂದಿರತ್ತೆ. ಎರಡು ಬೇರೆ ಬೇರೆ ಲಿಸ್ಟಿಂಗಲ್ಲಿ ಒಂದೇ ಗೀರು ಕಂಡ್ರೆ ಎರಡನ್ನೂ ಬಿಡು.

ಎಡಿಸನ್_ಗೌಡ
ಅಯ್ಯೋ ನನ್ ಒಂಟೆಗೂ ಹಂಗೇ ಇದ್ರೆ??

ಹಾರ್ಟ್‌ಫರ್ಡ್_ಭಟ್ರು
ನಿಮ್ಮದಕ್ಕೆ ನಿದ್ದೆ ಕೆಡಿಸ್ಬೇಡಿ. ಅಡಿಯ ಕಾಸಿನ ಅಕ್ಷರ ಪ್ರತಿಯೊಂದರಲ್ಲೂ ಬೇರೆ ಬೇರೆ ಓರೆಯಲ್ಲಿ ಕೂತಿರ್ತದೆ, ಅದೇ ಓರೆ ಅದೇ ಟಿ ಓ ಆರ್ ಇರುವ ಇನ್ನೊಂದು ಎಲ್ಲಾದ್ರೂ ಕಂಡ್ರೆ ಆಗ ಹೇಳಿ.

ಅಂದಹಾಗೆ ಟಿಪ್ಪು ಆನೆ ಪೈಸಾ ಒಟ್ಟು ಮಾಡಿದವರು ನೀವು, ನಿಮಗೆ ಇದು ಹೊಸತಾಗ್ಲಿಕ್ಕಿಲ್ಲ. ಆನೆ ಎಡಕ್ಕೋ ಬಲಕ್ಕೋ, ಸೊಂಡಿಲು ಎತ್ತಿದೆಯೋ ಇಳಿಸಿದೆಯೋ, ಪಟ್ಟಣ (ಶ್ರೀರಂಗಪಟ್ಟಣ) ಟಂಕಸಾಲೆಯದ್ದೋ ನಗರ (ಬಿದನೂರು) ಟಂಕಸಾಲೆಯದ್ದೋ ಅಂತ ನೋಡುವ ಕಣ್ಣೇ ಇಲ್ಲಿಗೂ ಬೇಕಾದ್ದು. ಕಾಲವೂ ಒಂದೇ.

ಎಡಿಸನ್_ಗೌಡ
ಹೌದಲ್ವಾ! 1787 ಅಂದ್ರೆ ಅಲ್ಲಿ ಟಿಪ್ಪು ಆಗಷ್ಟೇ ಹಿಜರಿ ಬಿಟ್ಟು ಮೌಲೂದಿ ಅನ್ನೋ ತನ್ನದೇ ವರ್ಷದ ಲೆಕ್ಕಕ್ಕೆ ಬಂದಿದ್ದ ಹೊತ್ತು, ಅಂಕಿಗಳನ್ನ ಬಲದಿಂದ ಎಡಕ್ಕೆ ಓದ್ಬೇಕು, 1215 ಅಂತ ಇರತ್ತೆ. ಎರಡನ್ನೂ ಒಂದೇ ಟ್ರೇಲಿ ಅಕ್ಕಪಕ್ಕ ಇಟ್ಟೆ ಈಗ. ಕೆಲಸದಲ್ಲಿ ನಮ್ಮ ಆನೆನೇ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ.

ಸುಮಾ_ಬೋಸ್ಟನ್
ಒಂಟೆ ಜೊತೆ ಹೋಲ್ಸಿದ್ರೆ ಯಾವ್ದು ಬೇಕಾದ್ರೂ ಮುಂದೇನೆ ಗೌಡ್ರೇ 😀 ನಮ್ ಪರ್ಕಿನ್ಸ್ ಹದ್ದಿನ ಪಕ್ಕ ಇಡಿ ಆಮೇಲೆ ಮಾತಾಡೋಣ

ಧಾರವಾಡಿ_73
ಕಡೀ ಪ್ರಶ್ನೆ ಒಂದೈತ್ರೀ. ಮಗಳು ಕನೆಕ್ಟಿಕಟ್‌ನ್ಯಾಗ ಓದಾಕತ್ಯಾಳ, ಡಿಸೆಂಬರ್‌ನ್ಯಾಗ ಊರಿಗೆ ಬರ್ತಾಳ. ನೂರು ಡಾಲರ್ ಒಳಗ ನನಗ ಒಂದು ಸ್ಟೇಟ್ ಕಾಸು ತರಸೂದಾದ್ರ ಯಾವದು ತರ್ಸಲಿ? ಸೂರ್ಯಾ ಗುಡ್ಡಾ ಇರೂದು ಆ ರೊಕ್ಕಕ್ಕ ಬರಂಗಿಲ್ಲ ಅಂತ ಗೊತ್ತಾತು.

ಹಳೇಪೈಸಾ
ಬರಲ್ಲ ಸರ್, ಅದಕ್ಕೆ ಸುಮಾರು ಜಾಸ್ತಿನೇ ಬೇಕು. ನೂರರೊಳಗೆ 1787 ಕನೆಕ್ಟಿಕಟ್ ಡ್ರೇಪ್ಡ್ ಬಸ್ಟ್ ಲೆಫ್ಟ್ ತರ್ಸಿ. ಸವೆದಿರ್ಲಿ ಪರ್ವಾಗಿಲ್ಲ, ಮೂರು ನೋಡಿ. ದಿನಾಂಕ ಓದಕ್ಕೆ ಬರ್ಬೇಕು, ಹಸಿರು ಪುಡಿ ಉದುರೋ ಕಿಲುಬು ಇರ್ಬಾರ್ದು, ಕೆಂಪಗೆ ಹೊಳೀತಾ ಇರ್ಬಾರ್ದು. ವಾಪಸ್ ತಗೊಳ್ತೀನಿ ಅಂತ ಬರೆದು ಕೊಡೋ ಡೀಲರ್ ಹತ್ರ ಮಾತ್ರ. ಒಂದು ಎಚ್ಚರ, ಇಂಡಿಯಾದ 1972ರ ಆಂಟಿಕ್ವಿಟೀಸ್ ಕಾನೂನಿನಲ್ಲಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು ಅಂತ ಲೆಕ್ಕ, ಒಂದ್ಸಲ ಇಂಡಿಯಾಗೆ ಬಂದ್ಮೇಲೆ ಮನಸ್ಸು ಬದಲಾಯ್ಸಿ ಮಗಳ ಕೈಲಿ ವಾಪಸ್ ಕಳಿಸ್ತೀನಿ ಅಂದ್ರೆ ತಲೆನೋವು. ತರ್ಸಿದ್ರೆ ಇಟ್ಕೊಳ್ಳೋ ಹಾಗೇ ತರ್ಸಿ, ಬಿಲ್ ಜೊತೆಗೇ ಇರ್ಲಿ.

ಹಾರ್ಟ್‌ಫರ್ಡ್_ಭಟ್ರು
ಧಾರವಾಡದವ್ರೆ, ಡೀಲರ್ ಎಲ್ಲ ಯಾಕೆ, ನನ್ನತ್ರ 33 ನಂಬರಿನವು ಒಂದಕ್ಕಿಂತ ಹೆಚ್ಚು ಉಂಟು. ಪ್ರೈವೇಟ್ ಮೆಸೇಜ್ ಮಾಡಿ, ಫೋಟೋ ಕಳಿಸ್ತೇನೆ. ನೀವೇ ಎಲೆ, ಚುಕ್ಕೆ ಎಲ್ಲ ನೋಡಿ ಮಿಲ್ಲರ್ ನಂಬರ್ ಹೇಳಿ. ಸರಿ ಹೇಳಿದ್ರೆ ನಾನು ತಕ್ಕೊಂಡ ಬೆಲೆಗೇ ಕೊಡ್ತೇನೆ.

ಧಾರವಾಡಿ_73
ಮೆಸೇಜ್ ಮಾಡೇನ್ರೀ ಭಟ್ರ. ಭೂತಗನ್ನಡಿ ತರಾಕ ಈಗ ಸುಭಾಸ್ ರೋಡಿಗೆ ಹೊಂಟೆ.